ಹೊದಿಕೆ ಎತ್ತಿ ನೋಡದ ಗುರುತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ-ತೆಂಗಿನ ತೋಟವಿರಲಿ, ಜಗಳೂರು ಸೀಮೆಯಲ್ಲಿ ಕೊಳವೆಬಾವಿ ನಂಬಿ ಎಬ್ಬಿಸಿದ ತೋಟವಿರಲಿ, ಗರಿಯ ಅಡಿಗೆ ಅಂಟಿದ ಚುಕ್ಕೆಗಳಿಗೆಲ್ಲ ‘ಶಲ್ಕ ಕೀಟ’ ಎಂಬ ಒಂದೇ ಹೆಸರಿಟ್ಟು ಔಷಧಿ ಹೊಡೆಯುವುದು ತಪ್ಪು ರೂಢಿ. ತೆಂಗಿನ ಶಲ್ಕ ಕೀಟವನ್ನೇ ನೋಡಿ. ಕೀಟತಜ್ಞ ಸಿಗ್ನೊರೆ 1869ರಲ್ಲಿ ಇದಕ್ಕೆ ಆಸ್ಪಿಡಿಯೋಟಸ್ ಡಿಸ್ಟ್ರಕ್ಟರ್ ಎಂದು ಹೆಸರಿಟ್ಟರು. ಬೆಳೆದ ಹೆಣ್ಣಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ತಾನು ಕಳಚಿದ ಎರಡು ಪೊರೆಗಳನ್ನು ಮೇಣದೊಂದಿಗೆ ಬೆಸೆದು ಮಾಡಿಕೊಂಡ ತೆಳು ಹೊದಿಕೆಯಡಿ ಹಳದಿ ಮೈಯ ಈ ಜೀವಿ ಸೂಜಿಬಾಯಿಯನ್ನು ಎಲೆಗೆ ಚುಚ್ಚಿ ಕೂತುಬಿಡುತ್ತದೆ. ಹೊದಿಕೆ ಮೈಗೆ ಅಂಟಿದ್ದಲ್ಲ, ಮೇಲೆತ್ತಬಹುದು. ಇಂಥ ಬಿಡಿ ಹೊದಿಕೆಯ ಗುಂಪಿನ ಕೀಟ ಸಿಹಿ ಅಂಟು ಸುರಿಸುವುದೂ ಇಲ್ಲ. ಎಲೆಗೆ ಕಪ್ಪು ಮಸಿ ಹಿಡಿದಿದ್ದರೆ ಅದಕ್ಕೆ ಕಾರಣ ಮೆತ್ತನೆ ಶಲ್ಕ ಕೀಟ, ಹಿಟ್ಟು ತಿಗಣೆಯಂಥ, ಸಿಹಿ ಅಂಟು ಸುರಿಸುವ ಬೇರೆ ಕೀಟವಿರಬೇಕು. ಇಷ್ಟು ಅಂಗರಚನೆ ತಿಳಿದವರು ತೋಟದಲ್ಲೇ ಅರ್ಧ ಗುರುತು ಹಿಡಿಯಬಲ್ಲರು.

ಉಳಿದರ್ಧ ಸೂಕ್ಷ್ಮದರ್ಶಕದ್ದು. ಕೀಟವನ್ನು ಕ್ಷಾರದಲ್ಲಿ ಕಾಯಿಸಿ, ಒಳಗಿನದನ್ನು ತೆಗೆದು, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿ, ಹಿಂತುದಿಯ ಫಲಕದ ಹಾಲೆಗಳನ್ನೂ ಮೇಣ ಸುರಿಸುವ ರಂಧ್ರಗಳನ್ನೂ ಅಳೆಯುವ ಪದ್ಧತಿ ಬಹಳ ಬೆಲೆಯುಳ್ಳದ್ದು. ಆದರೆ ಅದು ಮಾತ್ರ ಸಾಲದು ಎಂಬುದೇ ನನ್ನ ತಕರಾರು. ಬಣ್ಣ, ಹೊದಿಕೆಯ ಗಡಸು, ಮೊಟ್ಟೆ ಇಟ್ಟ ಬಗೆ ಎಲ್ಲವೂ ಆ ಕ್ಷಾರದಲ್ಲಿ ತೊಳೆದುಹೋಗುತ್ತವೆ. ಫಿಲಿಪೀನ್ಸ್ ಇದಕ್ಕೆ ಬೆಲೆ ತೆತ್ತಿತು. 2009ರ ಸುಮಾರಿಗೆ ಅಲ್ಲಿನ ತೆಂಗನ್ನು ಒಣಗಿಸತೊಡಗಿದ ಕೀಟವನ್ನು ಮೊದಲು ಡಿಸ್ಟ್ರಕ್ಟರ್ ಎಂದೇ ಎಣಿಸಿದರು. ಅದು 1947ರಲ್ಲಿ ಕೀಟತಜ್ಞ ರೈನ್ ಡಿಸ್ಟ್ರಕ್ಟರ್‌ನಿಂದ ಬೇರ್ಪಡಿಸಿದ್ದ ರಿಜಿಡಸ್ ಎಂಬ ಬಗೆ. ಗಾಜಿನ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಎಲೆಯ ಮೇಲೆ ಮಾತ್ರ ಡಿಸ್ಟ್ರಕ್ಟರ್ ಮೈಸುತ್ತ ಮೊಟ್ಟೆ ಇಡುತ್ತದೆ, ರಿಜಿಡಸ್ ಹಿಂಭಾಗದಲ್ಲಿ ಅರ್ಧಚಂದ್ರಾಕಾರವಾಗಿ ಇಡುತ್ತದೆ. ರಿಜಿಡಸ್‌ನ ಹೊದಿಕೆಯೂ ಹೆಚ್ಚು ಗಡಸು.

ಹೆಸರು ಯಾವುದಾದರೇನು, ಔಷಧಿ ಒಂದೇ ತಾನೆ ಎಂದು ಕೇಳುವವರಿದ್ದಾರೆ. ಮೈಗೆ ತಾಗಿ ಕೊಲ್ಲುವ ಔಷಧಿ ಬಹುಮಟ್ಟಿಗೆ ತಾಗುವುದು ಹೊದಿಕೆಯಿನ್ನೂ ಕಟ್ಟದ, ಓಡಾಡುವ ಮರಿಗಳಿಗೆ. ಅವುಗಳ ಜೊತೆಗೆ ಸಾಯುವುದು ಅವನ್ನು ತಿನ್ನುವ ಗುಲಗಂಜಿ ಹುಳು. ಫಿಜಿಯಲ್ಲಿ ತೆಂಗನ್ನು ಉಳಿಸಿದ್ದೇ 1928ರಲ್ಲಿ ಟ್ರಿನಿಡಾಡಿನಿಂದ ತಂದು ಬಿಟ್ಟ ಇಂಥದ್ದೊಂದು ಹುಳು. ವೈರಿಯ ಹೆಸರು ಸರಿಯಿಲ್ಲದಿದ್ದರೆ ಇಂಥ ಮಿತ್ರನನ್ನು ಎಲ್ಲಿ ಹುಡುಕುವುದು? ಡಿಎನ್‌ಎ ಬಂದ ಮೇಲೆ ಈ ಕಣ್ಣುನೋಟ ಏಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆದರೆ ಡಿಎನ್‌ಎ ಹೋಲಿಸಿ ನೋಡುವುದಾದರೂ ಯಾರೋ ಮೊದಲೇ ಗುರುತಿಸಿ ಹೆಸರಿಟ್ಟ ಮಾದರಿಯ ಜೊತೆಗೇ. ಆ ಹೆಸರು ತಪ್ಪಿದ್ದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ.

ಬೆಂಗಳೂರಿನಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಇದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಮಾದರಿ ಕಳಿಸುವ ಬೆಳೆಗಾರರು ಕೆರೆದು ತೆಗೆದ ಕೀಟದ ಬದಲು ಕೀಟವಿರುವ ಗರಿಯ ತುಂಡನ್ನೇ ಕಳಿಸಲಿ. ಗುರುತಿಸುವವರೂ ಕ್ಷಾರಕ್ಕೆ ಹಾಕುವ ಮೊದಲು ಹೊದಿಕೆ ಎತ್ತಿ, ಮೊಟ್ಟೆಗಳ ಚಿತ್ರ ತೆಗೆದಿಡಲಿ.