ಗಣಿಯ ಬಾಗಿಲಿಗೆ ಕಾವಲು ಸಾಕೆ?

ಗ್ಯಾಲಿಯಮ್ ಲೋಹವನ್ನು ನೀವು ನೋಡಿದ್ದೀರಾ? ಅದರ ದ್ರವನಬಿಂದು 29.8 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ಗೋಕಾಕ ಅಥವಾ ಮೂಡಲಗಿಯ ಮನೆಯೊಂದರಲ್ಲಿ ಮೇಜಿನ ಮೇಲಿಟ್ಟರೆ ಅದು ಕರಗಿ ಹರಿಯುತ್ತದೆ. ರಾಡಾರ್, ಎಲ್‌ಇಡಿ ದೀಪ ಮತ್ತು ವೇಗದ ಚಾರ್ಜರ್‌ಗಳ ಅರೆವಾಹಕಗಳಿಗೆ ಈ ಲೋಹ ಬೇಕೇ ಬೇಕು.

ಆದರೆ ಗ್ಯಾಲಿಯಮ್‌ಗೆಂದೇ ತೋಡಿದ ಗಣಿಗಳು ಇಲ್ಲವೆಂದೇ ಹೇಳಬಹುದು. ಆವರ್ತಕೋಷ್ಟಕದಲ್ಲಿ ಅದರ ಸ್ಥಾನ ಅಲ್ಯೂಮಿನಿಯಮ್‌ನ ಕೆಳಗಿನ ಮನೆ. ಆದ್ದರಿಂದ ಅಲ್ಯೂಮಿನಿಯಮ್‌ನ ಅದಿರಾದ ಬಾಕ್ಸೈಟಿನಲ್ಲಿ ಅದೂ ಬೆರೆತಿರುತ್ತದೆ. ಹುಕ್ಕೇರಿಯ ಎರೆಭೂಮಿಯ ಅಡಿಯಲ್ಲಿರುವ ಬಸಾಲ್ಟ್ ಶಿಲೆಯೇ ಪಶ್ಚಿಮಘಟ್ಟದ ಮಳೆಗೆ ಲಕ್ಷಾಂತರ ವರ್ಷ ಶಿಥಿಲಗೊಂಡ ಕಡೆ ಬಾಕ್ಸೈಟ್ ಆಗುತ್ತದೆ. ಒಂದು ಟನ್ ಬಾಕ್ಸೈಟಿನಲ್ಲಿ ಸಾಮಾನ್ಯವಾಗಿ 50 ಗ್ರಾಮಿನಷ್ಟು ಗ್ಯಾಲಿಯಮ್ ಇರುತ್ತದೆ. ಅಂದರೆ ಒಂದು ಲಕ್ಷ ಟನ್ ಅದಿರಿಗೆ 5 ಟನ್. ಅಲ್ಯೂಮಿನ ತೆಗೆಯುವಾಗ ಅದರ ಬಹುಭಾಗ ಕ್ಷಾರದ್ರಾವಣಕ್ಕೆ ಇಳಿಯುತ್ತದೆ. ಅಲ್ಲಿಂದ ಬೇರ್ಪಡಿಸಿದರೆ ಲೋಹ, ಇಲ್ಲವಾದರೆ ನಷ್ಟ.

ಈಗ ನಮ್ಮ ನೀತಿಯನ್ನು ನೋಡೋಣ. 2020ರ ಏಕೀಕೃತ ವಿದೇಶಿ ನೇರ ಹೂಡಿಕೆ ನೀತಿಯು ಅಣುಶಕ್ತಿ ಕ್ಷೇತ್ರವನ್ನು ವಿದೇಶಿ ಬಂಡವಾಳಕ್ಕೆ ಮುಚ್ಚಿತು. ಟೈಟಾನಿಯಮ್ ಅದಿರುಗಳಿಗೆ ಸರ್ಕಾರದ ಪೂರ್ವಾನುಮತಿ ಬೇಕೆಂದಿತು. ಬಾಕ್ಸೈಟೂ ಸೇರಿ ಉಳಿದ ಲೋಹದ ಅದಿರುಗಳಿಗೆ ಶೇ. 100ರ ತನಕ ಬಾಗಿಲು ತೆರೆದಿಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಪೂರ್ವಾನುಮತಿಯ ನಿಯಮ ಬಂದಿತ್ತು. ಹೀಗೆ ಕೇಳಿದ ಪ್ರಶ್ನೆಗಳು ಎರಡು: ಅದಿರು ಯಾವುದು? ಹಣ ಯಾರದು?

ಈ ಪ್ರಶ್ನೆಗಳು ತಪ್ಪಲ್ಲ. ಅದಿರು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವನು ಒಡೆಯನೇ ತಾನೆ? 2022ರ ನವೆಂಬರಿನಲ್ಲಿ ಕೆನಡಾ ಕೂಡ ಮೂರು ಚೀನೀ ಹೂಡಿಕೆದಾರರಿಗೆ ಲಿಥಿಯಮ್ ಕಂಪನಿಗಳಲ್ಲಿದ್ದ ಪಾಲನ್ನು ಬಿಟ್ಟುಕೊಡಲು ಆದೇಶಿಸಿತು. ಆದರೆ ಈ ಪ್ರಶ್ನೆಗಳು ಸಾಲವು. 2023ರ ಆಗಸ್ಟ್ 1ರಿಂದ ಚೀನಾ ಗ್ಯಾಲಿಯಮ್ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಜಗತ್ತು ಬೆಚ್ಚಿತು. ಆ ದೇಶ ಯಾರ ಗಣಿಯನ್ನೂ ಕೊಂಡು ಆ ಬಲ ಪಡೆದಿರಲಿಲ್ಲ. ತನ್ನ ಅಲ್ಯೂಮಿನ ಕಾರ್ಖಾನೆಗಳಿಗೆ ಬೇರ್ಪಡಿಸುವ ಘಟಕಗಳನ್ನು ಜೋಡಿಸಿ ಪಡೆದಿತ್ತು.

ನಮ್ಮ ಬೆಳಗಾವಿಯನ್ನೇ ತೆಗೆದುಕೊಳ್ಳಿ. ಇಲ್ಲಿನ ಅಲ್ಯೂಮಿನ ಕಾರ್ಖಾನೆಯನ್ನು ಕಟ್ಟಿದ ಇಂಡಾಲ್ ಕಂಪನಿಯಲ್ಲಿ ಕೆನಡಾದ ಆಲ್ಕಾನ್‌ಗೆ ದೊಡ್ಡ ಪಾಲಿತ್ತು. 2000ದಲ್ಲಿ ಆ ಪಾಲನ್ನು ಹಿಂಡಾಲ್ಕೊ ಕೊಂಡಿತು. ಒಡೆತನ ಸ್ವದೇಶಿಯಾಯಿತು. ಆದರೆ ಒಡೆಯ ಬದಲಾದ ಮಾತ್ರಕ್ಕೆ ದ್ರಾವಣದಲ್ಲಿರುವ ಗ್ಯಾಲಿಯಮ್ ತಾನಾಗಿ ಹೊರಬರುವುದಿಲ್ಲ. ಅದಕ್ಕೆ ರಾಳ, ವಿದ್ಯುದ್ವಿಭಜನೆ ಮತ್ತು ಅವನ್ನು ಬಲ್ಲ ಜನ ಬೇಕು.

ನೀತಿಯಲ್ಲೇ ಇದಕ್ಕೊಂದು ಮದ್ದಿದೆ. ಟೈಟಾನಿಯಮ್ ಅದಿರಿಗೆ ಅದು ಪೂರ್ವಾನುಮತಿಯ ಜೊತೆಗೆ ಇನ್ನೊಂದು ಷರತ್ತು ಹಾಕಿತು: ಮೌಲ್ಯವರ್ಧನೆಯ ಘಟಕ ಭಾರತದಲ್ಲೇ ಇರಬೇಕು, ತಂತ್ರಜ್ಞಾನವೂ ವರ್ಗಾವಣೆಯಾಗಬೇಕು. ಇದು ಸರಿಯಾದ ಪ್ರಶ್ನೆ. ಗ್ಯಾಲಿಯಮ್ ಅನ್ನು 2023ರಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಿದ ಮೇಲೆ ಬಾಕ್ಸೈಟಿಗೂ ಅದನ್ನೇ ಏಕೆ ಕೇಳಬಾರದು? ಹಣ ಸ್ವದೇಶಿಯಾದರೂ ಕೇಳಬೇಕು. ಇದರಲ್ಲಿ ಲಾಭ ಕಡಿಮೆ, ಬೆಲೆಯ ಏರಿಳಿತ ಹೆಚ್ಚು ಎಂಬ ಆಕ್ಷೇಪ ನಿಜವೇ. ಆದರೆ ರಕ್ಷಣೆಗೆ ಬೇಕಾದ ವಸ್ತುವಿಗೆ ಸರ್ಕಾರ ಖರೀದಿಯ ಭರವಸೆ ಕೊಡಬಹುದಲ್ಲವೆ?

ಗೋಕಾಕ ಜಲಪಾತದ ಬಳಿ 1887ರಲ್ಲಿ ಗಿರಣಿ ಶುರುವಾದಾಗ ಬಂಡವಾಳ ಬ್ರಿಟಿಷರದು. ಆದರೆ ಘಟಪ್ರಭೆಯ ಶಕ್ತಿಯಿಂದ ನೂಲು ತೆಗೆದದ್ದು ಇಲ್ಲಿ, ಕಸುಬು ಕಲಿತದ್ದು ಇಲ್ಲಿನ ಜನ. ಹೂಡಿಕೆಯ ಕಾಗದ ಮುಂದೆ ಬಂದಾಗ ಹಣ ಯಾರದೆಂದು ಕೇಳಿ. ಕೆಲಸ ಎಲ್ಲಿ ನಡೆಯುತ್ತದೆ, ವಿದ್ಯೆ ಯಾರಲ್ಲಿ ಉಳಿಯುತ್ತದೆ ಎಂದೂ ಕೇಳಿ.