ಪೇಜ್‌ಲ್ಯಾಂಡ್ ರಸ್ತೆಯ ಅಹವಾಲು

ಅಮೆರಿಕದ ವರ್ಜೀನಿಯಾ ಸಂಸ್ಥಾನದ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ, ಅಂತರ್ಯುದ್ಧದ ಘೋರ ಕದನಗಳನ್ನು 1861ರಲ್ಲೊಮ್ಮೆ, 1862ರಲ್ಲೊಮ್ಮೆ ಕಂಡ ಮನಾಸಸ್ ರಣಭೂಮಿಯ ಮಗ್ಗುಲಿಗೇ, ಪೇಜ್‌ಲ್ಯಾಂಡ್ ರಸ್ತೆಯ ಇಕ್ಕೆಲದ ಸುಮಾರು 2,100 ಎಕರೆ ಗ್ರಾಮೀಣ ಭೂಮಿಯಲ್ಲಿ ‘ಡಿಜಿಟಲ್ ಗೇಟ್‌ವೇ’ ಎಂಬ ಡೇಟಾ ಸೆಂಟರುಗಳ ನಗರಿಯೊಂದನ್ನು ಎಬ್ಬಿಸಬಹುದೆ ಎಂಬ ಪ್ರಶ್ನೆಯನ್ನು ತೀರ್ಮಾನಿಸುವುದಕ್ಕಾಗಿ ಅಲ್ಲಿನ ಮೇಲ್ವಿಚಾರಕ ಮಂಡಲಿಯು 2023ರ ಡಿಸೆಂಬರ್ 12ರಂದು ಕರೆದ ಅಹವಾಲು ಸಭೆಯು, ಇಡೀ ರಾತ್ರಿ ಸಾಗಿ, ಮರುದಿನ ಅಪರಾಹ್ನದಲ್ಲಿ, ಸುಮಾರು 27 ಗಂಟೆಗಳ ತರುವಾಯ ಮುಕ್ತಾಯವಾಯಿತು. ನಾಲ್ವರು ಪರ, ಮೂವರು ವಿರೋಧ, ಒಬ್ಬರು ತಟಸ್ಥ, ಪ್ರಸ್ತಾವ ಅಂಗೀಕೃತವಾಯಿತು. ಒಂದು ಹಗಲು ಒಂದು ಇರುಳು ಪ್ರಜೆಗಳ ಮಾತಿಗೆ ಕಿವಿಗೊಟ್ಟು ಕುಳಿತ ಮಂಡಲಿಯನ್ನು ಕಂಡು ಲೋಕತಂತ್ರದ ಅಭಿಮಾನಿಗಳು ತಲೆದೂಗಿದರೆ ಆಶ್ಚರ್ಯವಿಲ್ಲ. ಆದರೆ ಆ ಸಭೆಯ ಹಿಂದುಮುಂದನ್ನು ಕ್ರಮವಾಗಿ ನೋಡಿದವನಿಗೆ, ಅದರ ದೈರ್ಘ್ಯವೇ ಅದರ ದೋಷವನ್ನು ಮರೆಮಾಡುತ್ತಿದೆಯೆಂಬ ಸಂದೇಹ ಬಾರದಿರದು.

ಏಕೆಂದರೆ, ಈ ಭೂಮಿಯಲ್ಲಿ ಡೇಟಾ ಸೆಂಟರು ಬರಬೇಕೆ ಬೇಡವೆ ಎಂಬ ಮೂಲಪ್ರಶ್ನೆಯು, ಕೌಂಟಿಯ ಮಹಾಯೋಜನೆಗೆ 2022ರ ನವೆಂಬರಿನಲ್ಲಿ ಮಾಡಿದ ತಿದ್ದುಪಡಿಯಿಂದಲೇ ಬಹುಮಟ್ಟಿಗೆ ಇತ್ಯರ್ಥವಾಗಿಹೋಗಿತ್ತು. ಕೃಷಿಗೂ ವಿರಳವಾದ ವಸತಿಗೂ ಮೀಸಲೆಂದು 1998ರಿಂದ ಕಾಯ್ದುಕೊಂಡು ಬಂದಿದ್ದ ‘ಗ್ರಾಮೀಣ ವಲಯ’ದ ಗೆರೆಯನ್ನು ಅಂದು ಈ ಭಾಗದಲ್ಲಿ ಅಳಿಸಿದ ಮೇಲೆ, ಮುಂದಿನ ವರ್ಷದ ಭೂಬಳಕೆ ಬದಲಾವಣೆಯ ಅರ್ಜಿಗಳ ವಿಷಯದಲ್ಲಿ ಉಳಿದ ಪ್ರಶ್ನೆಗಳು ಬಹುಶಃ ಎಷ್ಟು ಎತ್ತರ, ಎಷ್ಟು ಅಂತರ, ಎಷ್ಟು ಮರ ಎಂಬಷ್ಟೇ. 2023ರ ಜೂನ್ ತಿಂಗಳ ಪಕ್ಷಾಂತರ್ಗತ ಚುನಾವಣೆಯಲ್ಲಿ ಮಂಡಲಿಯ ಅಧ್ಯಕ್ಷೆ ಆ್ಯನ್ ವೀಲರ್ ಅವರು, ಡೇಟಾ ಸೆಂಟರುಗಳ ವಿಸ್ತರಣೆಯನ್ನು ಪ್ರಶ್ನಿಸಿದ ಡಿಶಂಡ್ರಾ ಜೆಫರ್ಸನ್ ಅವರೆದುರು ಸೋತದ್ದು ಜನಾಭಿಪ್ರಾಯದ ಒಂದು ಸ್ಪಷ್ಟ ಸೂಚನೆಯಾಗಿತ್ತು; ಯೋಜನಾ ಆಯೋಗವೂ ನವೆಂಬರಿನಲ್ಲಿ ಅರ್ಜಿಗಳನ್ನು ತಿರಸ್ಕರಿಸುವಂತೆಯೇ ಸಲಹೆ ಮಾಡಿತ್ತು. ಹೀಗಿದ್ದೂ, ಅವಧಿ ಮುಗಿಯಲು ಮೂರು ವಾರಗಳೂ ಉಳಿಯದ ಮಂಡಲಿ, ಬರಲಿರುವ ಮಂಡಲಿಗೆ ವಿಷಯವನ್ನು ಬಿಟ್ಟುಕೊಡದೆ, ತಾನೇ ಮುಗಿಸಿಕೊಟ್ಟು ಹೋಯಿತು. ಒಬ್ಬೊಬ್ಬರಿಗೆ ನಿಮಿಷಗಳ ಲೆಕ್ಕದಲ್ಲಿ ಅಳೆದು ಕೊಟ್ಟ ಕಾಲದಲ್ಲಿ, ನಿದ್ದೆಗೆಟ್ಟ ಕಣ್ಣುಗಳೆದುರು, ನಿವೃತ್ತರೂ ಗೃಹಿಣಿಯರೂ ಆಡಿದ ಮಾತಿಗೆ ಅಲ್ಲಿ ಯಾವ ಬಾಗಿಲು ತೆರೆದಿತ್ತೆಂದು ಕೇಳುವುದು ಅನುಚಿತವೇನಲ್ಲ.

ನೆರೆಯವರೆಂದರೆ ಯಾರು ಎಂಬುದೂ ಇಲ್ಲಿ ಅಷ್ಟು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ಪರಸ್ಥಳದ ಧನಿಕರು ಬಂದು ಬಡರೈತರ ನೆಲವನ್ನು ಕಸಿದುಕೊಂಡರೆಂಬ, ನಮಗೆ ರೂಢಿಯಾದ ಕಥೆ ಈ ಪ್ರಸಂಗಕ್ಕೆ ಹೊಂದುವುದಿಲ್ಲ. ಪೇಜ್‌ಲ್ಯಾಂಡ್ ರಸ್ತೆಯ ಭೂಮಾಲೀಕರು ತಾವೇ ಒಂದುಗೂಡಿ 2021ರಲ್ಲಿ ಈ ಬದಲಾವಣೆಯನ್ನು ಬೇಡಿದರು. ತಮ್ಮ ಹೊಲಗಳ ಮೇಲೆ ಭಾರೀ ವಿದ್ಯುತ್ ತಂತಿಗಳು ಹಾದುಹೋದ ಮೇಲೆ ಹಳ್ಳಿಯ ಸೊಬಗು ಇನ್ನೆಲ್ಲಿಯದು ಎಂಬ ಅವರ ವಾದವನ್ನು ಕೇವಲ ದುರಾಸೆಯೆಂದು ತಳ್ಳಿಹಾಕಲಾಗದು. ಅದೇ ಹವಣಿನಲ್ಲಿ ಗೇನ್ಸ್‌ವಿಲ್ ಕ್ಷೇತ್ರದ ಪ್ರತಿನಿಧಿ ಪೀಟ್ ಕ್ಯಾಂಡ್‌ಲ್ಯಾಂಡ್ ಅವರೂ ತಮ್ಮ ಮನೆಯ ನೆಲವನ್ನು ಮಾರಲು ಒಪ್ಪಿದರು. ಪರಿಣಾಮವೇನೆಂದರೆ, ಸ್ವಹಿತಸಂಬಂಧದ ಕಾರಣದಿಂದ ಅವರು ಈ ವಿಷಯದ ಚರ್ಚೆಯಿಂದ ಹಿಂದೆ ಸರಿಯಬೇಕಾಯಿತು. ಯಾವ ಕ್ಷೇತ್ರದಲ್ಲಿ ಕಟ್ಟಡ ಏಳಲಿತ್ತೋ ಆ ಕ್ಷೇತ್ರಕ್ಕೇ, 2022ರ ಮತದಾನದ ಕಾಲದಲ್ಲಿ, ಮಂಡಲಿಯಲ್ಲಿ ಬಾಯಿಲ್ಲದಂತಾಯಿತು. ಆ ಡಿಸೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರೆಂಬುದು ನಿಜ. ಕೊಟ್ಟಾಗ ಕಾಲ ಮೀರಿತ್ತು. ಸುತ್ತಣ ಬಡಾವಣೆಗಳವರ ಆಕ್ರೋಶಕ್ಕೆ ಈ ಶೂನ್ಯವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಇನ್ನು, ಮಾತಾಡುವವರ ಕೈಯಲ್ಲಿ ಮಾತಿನ ಸಾಮಗ್ರಿ ಎಷ್ಟಿತ್ತು? ಶಬ್ದದ ವಿಷಯವೊಂದನ್ನೇ ತೆಗೆದುಕೊಳ್ಳೋಣ. ಇದೇ ಕೌಂಟಿಯ ಗ್ರೇಟ್ ಓಕ್ ಎಂಬ ಬಡಾವಣೆಯ ಜನ, ಹತ್ತಿರದಲ್ಲೆದ್ದ ಡೇಟಾ ಸೆಂಟರಿನ ಶೀತಕಯಂತ್ರಗಳ ನಿರಂತರ ಗುಂಯ್‌ಗಾನವನ್ನು ಕುರಿತು 2022ರಲ್ಲಿ ದೂರು ಒಯ್ದಾಗ, ಹವಾನಿಯಂತ್ರಕ ಯಂತ್ರಗಳನ್ನು ಶಬ್ದನಿಯಮದಿಂದಲೇ ಹೊರಗಿಟ್ಟಿದ್ದ ಸಂಗತಿ ಬೆಳಕಿಗೆ ಬಂದಿತು. ಪಕ್ಕದ ಮನೆಯವರು ಶ್ರುತಿಪೆಟ್ಟಿಗೆಯನ್ನು ಹಚ್ಚಿಟ್ಟು, ಬೀಗ ಹಾಕಿಕೊಂಡು ಊರಿಗೆ ಹೋದಂತಹ ಸ್ಥಿತಿ. ಮತ್ತೊಂದು ಸೂಕ್ಷ್ಮ ಉಂಟು: ಸಾಮಾನ್ಯವಾಗಿ ನಿಯಮಗಳು ಬಳಸುವ ‘ಎ’ ಮಾದರಿಯ ಡೆಸಿಬೆಲ್ ಅಳತೆಯು ಮಂದ್ರಸ್ಥಾಯಿಯ ನಾದಕ್ಕೆ ಬಹಳ ಕಡಿಮೆ ತೂಕವನ್ನು ಕೊಡುತ್ತದೆ, ಗೋಡೆಯನ್ನು ಹಾಯ್ದು ಮಲಗುವ ಕೋಣೆಗೆ ಬರುವುದಾದರೋ ಮುಖ್ಯವಾಗಿ ಆ ಮಂದ್ರನಾದವೇ. ಮಾಪಕ ‘ಮಿತಿಯೊಳಗಿದೆ’ ಎನ್ನುತ್ತದೆ, ಮನೆಯವನು ‘ನಿದ್ದೆಯಿಲ್ಲ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಡಿಜಿಟಲ್ ಗೇಟ್‌ವೇ ಯೋಜನೆಯ ಕ್ಯೂಟಿಎಸ್, ಕಾಂಪಸ್ ಸಂಸ್ಥೆಗಳು ಡೇಟಾ ಸೆಂಟರುಗಳನ್ನು ಕಟ್ಟಿ ಅನ್ಯರಿಗೆ ಬಾಡಿಗೆಗೆ ಕೊಡುವಂಥವು. ಬರಲಿರುವ ಬಾಡಿಗೆದಾರ ಯಾರು, ಯಾವ ಯಂತ್ರವನ್ನು ಎಷ್ಟು ಸಂಖ್ಯೆಯಲ್ಲಿ ನಿಲ್ಲಿಸುವನು ಎಂಬುದು ನಿಶ್ಚಿತವಾಗುವ ಮೊದಲೇ ಅದರ ಸದ್ದಿನ ವಿಷಯದಲ್ಲಿ ನೆರೆಯವನ ಅಭಿಪ್ರಾಯವನ್ನು ಕೇಳುವುದು, ವರನ ಹೆಸರನ್ನೂ ತಿಳಿಸದೆ ಕನ್ಯೆಯ ಒಪ್ಪಿಗೆ ಪಡೆಯುವ ಹಳೆಯ ಸಂಪ್ರದಾಯಕ್ಕಿಂತ ಎಷ್ಟು ಮೇಲು?

ಕೌಂಟಿಯ ಪರವಾಗಿಯೂ ಒಂದು ಮಾತಿದೆ. ಗಣಕಯಂತ್ರಗಳ ಮೇಲಣ ತೆರಿಗೆಯಿಂದ ಬರುವ ಆದಾಯ ಅಲ್ಪವಲ್ಲ. ಶಾಲೆ ನಡೆಸಬೇಕಾದ ಮಂಡಲಿಗೆ ಅದು ಪ್ರಲೋಭನೆಯೂ ಹೌದು, ಅವಶ್ಯಕತೆಯೂ ಹೌದು. ಅಲ್ಲದೆ, ಅವರು ಸಭೆಯನ್ನಾದರೂ ಕರೆದರು. ನೆರೆಯ ಲೌಡನ್ ಕೌಂಟಿಯಲ್ಲಿ 2025ರ ಮಾರ್ಚಿನ ತನಕ ಅನೇಕ ವಲಯಗಳಲ್ಲಿ ಡೇಟಾ ಸೆಂಟರು ಕಟ್ಟುವುದು ಭೂಮಾಲೀಕನ ಸಹಜವಾದ ಹಕ್ಕೇ ಆಗಿದ್ದು, ನೆರೆಯವರನ್ನು ಕೇಳುವ ಪ್ರಮೇಯವೇ ಇರಲಿಲ್ಲ. ನಮ್ಮ ದೇಶದಲ್ಲಿಯೂ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯು ಕಟ್ಟಡ ನಿರ್ಮಾಣದ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿರಿಸಿರುವಾಗ, ವರ್ಜೀನಿಯಾದವರನ್ನು ನಾವು ಹೀಗಳೆಯುವುದು ಶೋಭಿಸದು.

ಮಹಾಯೋಜನೆಯ ಗೆರೆ ಬದಲಾಗುವ ಮುನ್ನ, ಯಂತ್ರಗಳ ಸಂಖ್ಯೆ, ‘ಎ’ ಮಾದರಿಯ ಜೊತೆಗೆ ಮಂದ್ರನಾದವನ್ನೂ ಹಿಡಿಯುವ ಸದ್ದಿನ ಅಳತೆ, ನೀರಿನ ಬಳಕೆ, ಹೊಸ ವಿದ್ಯುತ್ ಮಾರ್ಗದ ನಕ್ಷೆ, ಇವಿಷ್ಟನ್ನು ಊರವರ ಮುಂದಿಟ್ಟು, ತಮ್ಮದೇ ತಜ್ಞನೊಬ್ಬನಿಂದ ಪರಿಶೀಲಿಸಿಕೊಳ್ಳಲು ಅವರಿಗೆ ಕೆಲವು ತಿಂಗಳ ಅವಕಾಶವಿತ್ತಿದ್ದರೆ, ಎರಡು ಗಂಟೆಯ ಸಭೆಯೂ ಸಾಕಾಗುತ್ತಿತ್ತೇನೋ. ಹಾಗೆ ಆಗಲಿಲ್ಲವಾದ್ದರಿಂದ ಓಕ್ ವ್ಯಾಲಿ ಬಡಾವಣೆಯ ನಿವಾಸಿಗಳ ಸಂಘವು ನ್ಯಾಯಾಲಯದ ಕಟ್ಟೆ ಹತ್ತಿತು. 2025ರ ಆಗಸ್ಟಿನಲ್ಲಿ ನ್ಯಾಯಾಧೀಶರು ಭೂಬಳಕೆಯ ಬದಲಾವಣೆಯನ್ನು ಅಸಿಂಧುಗೊಳಿಸಿದರು, ವಿಷಯ ಮೇಲ್ಮನವಿಗೆ ಹೋಯಿತು. ಅಸಿಂಧುವಾದದ್ದು ಯಾವ ಕಾರಣಕ್ಕೆ? ಸಭೆಯ ಪೂರ್ವಸೂಚನೆಯನ್ನು ವೃತ್ತಪತ್ರಿಕೆಯಲ್ಲಿ ಕಾನೂನು ವಿಧಿಸಿದ ಕ್ರಮದಲ್ಲಿ ಪ್ರಕಟಿಸಿರಲಿಲ್ಲವೆಂಬ ಕಾರಣಕ್ಕೆ. ಸದ್ದು, ನೀರು, ರಣಭೂಮಿಯ ಪಾವಿತ್ರ್ಯ ಮುಂತಾಗಿ ನೆರೆಯವರು ಹಗಲಿರುಳು ನಿವೇದಿಸಿಕೊಂಡದ್ದರ ಗುಣದೋಷವಿಚಾರಕ್ಕೆ ಆ ತೀರ್ಪು ಕೈಯಿಡಬೇಕಾಗಿಯೇ ಬರಲಿಲ್ಲ.