ಅಪ್ಪನ ಎಸೆತ, ಮಗನ ಎಸೆತ: ಬಭ್ರುವಾಹನ ಪ್ರಸಂಗದ ಒಂದು ಓದು

ಬೌಲರ್ ಹಾಕುವ ಚೆಂಡನ್ನು ಕನ್ನಡ ಪತ್ರಿಕೆಗಳು 'ಎಸೆತ' ಎಂದು ಕರೆಯುತ್ತವೆ. ಕ್ರಿಕೆಟ್ ನಿಯಮದ ಪ್ರಕಾರ ನೋಡಿದರೆ ಇದು ತಪ್ಪು ಪದ. ಬೌಲರ್ ಚೆಂಡನ್ನು ಎಸೆಯುವಂತಿಲ್ಲ, ಎಸೆದರೆ ಅಂಪೈರ್ ನೋಬಾಲ್ ಕೊಡುತ್ತಾರೆ. ಆದರೂ ಪದ ಗಟ್ಟಿಯಾಗಿ ನಿಂತಿದೆ. ಹಳಗನ್ನಡ, ನಡುಗನ್ನಡ ಕಾವ್ಯ ಓದುವ ವಿದ್ಯಾರ್ಥಿಗಳಿಗೆ ಇದರ ಹತ್ತಿರದ ನೆಂಟ ಗೊತ್ತಿರುತ್ತದೆ. 'ಎಸು' ಎಂದರೆ ಬಾಣ ಬಿಡು, 'ಎಚ್ಚನು' ಎಂದರೆ ಬಾಣ ಬಿಟ್ಟನು, 'ಎಸುಗೆ' ಎಂದರೆ ಬಿಲ್ಲುಗಾರಿಕೆ. ತೋಳಿನ ಬಲ ದೂರದ ಗುರಿಯನ್ನು ಮುಟ್ಟುವ ಕ್ರಿಯೆಗೆ ನಮ್ಮ ಭಾಷೆ ಒಂದೇ ಬೇರಿನ ಮಾತುಗಳನ್ನು ಇಟ್ಟುಕೊಂಡಿದೆ. ಅಪ್ಪ ಮಕ್ಕಳು ತಮ್ಮ ಎಸೆತಗಳನ್ನು ಹೋಲಿಸಿಕೊಳ್ಳುವ ಹೊಸ ರೂಢಿಯನ್ನೂ, ಲಕ್ಷ್ಮೀಶನ 'ಜೈಮಿನಿ ಭಾರತ'ದ ಬಭ್ರುವಾಹನ ಪ್ರಸಂಗವನ್ನೂ ಒಟ್ಟಿಗೆ ಓದುವುದಕ್ಕೆ ನನಗೆ ಈ ನೆಂಟಸ್ತನವೇ ದಾರಿ ತೋರಿಸಿತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕಗಳ ಬಗ್ಗೆ ಕ್ಷೇತ್ರಕಾರ್ಯ ಮಾಡುತ್ತಿದ್ದೇನೆ. ನಾಟಕ ನಡೆಯುವುದು ರಾತ್ರಿ. ಹಗಲಲ್ಲಿ ಮೇಷ್ಟ್ರನ್ನೋ ಪಾತ್ರಧಾರಿಗಳನ್ನೋ ಕಾಯುತ್ತ ಕೂತಾಗ ಎದುರಿಗೆ ಕಾಣುವುದು ಕ್ರಿಕೆಟ್. ನಾಗಮಂಗಲದ ಕಡೆ ರಾಗಿ ಕುಯ್ದ ಹೊಲ, ನಾಲೆ ನೀರಿನ ಪಾಂಡವಪುರದ ಕಡೆ ಕಟಾವಾದ ಗದ್ದೆ. ಎರಡು ಕಡೆಯೂ ಟೆನಿಸ್ ಬಾಲಿನ ಆಟ. ಈಚೆಗೆ ಆಟದ ಜೊತೆಗೆ ಮೊಬೈಲೂ ಬಂದಿದೆ. ಚೆಂಡಿನ ವೇಗ ಹೇಳುವ ಆ್ಯಪ್ ಹಾಕಿಕೊಂಡು ಹುಡುಗರು ಒಬ್ಬರಿಗೊಬ್ಬರು ಅಳೆದುಕೊಳ್ಳುತ್ತಾರೆ. ಬದುವಿನ ಮೇಲೆ ನಿಂತು ನೋಡುತ್ತಿದ್ದ ನಲವತ್ತೈದರ ಅಪ್ಪ ಸ್ವಲ್ಪ ಹೊತ್ತಿನಲ್ಲಿ ಪಂಚೆ ಎತ್ತಿ ಕಟ್ಟಿ ಕೆಳಗಿಳಿಯುತ್ತಾನೆ. "ಕೊಡ್ಲಾ ಇಲ್ಲಿ ಬಾಲ, ನಿನ್ ವಯಸ್ನಲ್ಲಿ ನಾನ್ ಹಾಕ್ತಿದ್ದುದ್ಕೆ ವಿಕೆಟ್ಟೇ ಮುರ್ದೋಗದು" ಎನ್ನುತ್ತಾನೆ. ಮಗ, "ಹಾಕಣಪ್ಪ ನೋಡಣ, ಅಳ್ದೇಬುಡ್ತೀನಿ" ಎನ್ನುತ್ತಾನೆ.

ಈ ಹೋಲಿಕೆಯಲ್ಲಿ ತೂಕಕ್ಕೆ ಬೀಳುವ ಎರಡು ವಸ್ತುಗಳು ಒಂದೇ ಜಾತಿಯವಲ್ಲ. ಮಗನದು ಇವತ್ತಿನ ತೋಳು, ಅದಕ್ಕೊಂದು ಅಂಕಿ ಇದೆ. ಅಪ್ಪ ಮುಂದಿಡುತ್ತಿರುವುದು ಮೂವತ್ತು ವರ್ಷದ ಹಿಂದಿನ ತೋಳು, ಅದನ್ನು ಯಾರೂ ಅಳೆದಿಲ್ಲ. ಅವನು ಆಡಿದ ಕಾಲದಲ್ಲಿ ವೇಗ ಅಳೆಯುವ ಯಂತ್ರ ಅಂತರರಾಷ್ಟ್ರೀಯ ಪಂದ್ಯಗಳಲ್ಲೇ ಅಪರೂಪವಾಗಿತ್ತು. ಚೆಂಡೂ ಬೇರೆ. ಟೆನಿಸ್ ಚೆಂಡಿನ ತೂಕ 60 ಗ್ರಾಂ ಮೀರುವುದಿಲ್ಲ, ಕ್ರಿಕೆಟ್ಟಿನ ಚರ್ಮದ ಚೆಂಡು 160 ಗ್ರಾಂ ಹತ್ತಿರ ತೂಗುತ್ತದೆ. ಹಗುರವಾದ ಚೆಂಡು ಕೈಬಿಟ್ಟ ಕೂಡಲೇ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಮೊಬೈಲಿನ ಅಂಕಿಯಂತೂ ಇನ್ನೂ ಸಡಿಲ. ಟಿ.ವಿ.ಯಲ್ಲಿ ಕಾಣುವ ವೇಗವನ್ನು ರೇಡಾರ್ ಅಳೆಯುತ್ತದೆ. ಗದ್ದೆಯಲ್ಲಿ ನಾನು ನೋಡಿದ ಆ್ಯಪಿನಲ್ಲಿ ಚೆಂಡು ಕೈಬಿಟ್ಟಾಗ ಒಮ್ಮೆ, ವಿಕೆಟ್ ಮುಟ್ಟಿದಾಗ ಒಮ್ಮೆ ಹೆಬ್ಬೆರಳು ಒತ್ತಬೇಕು. 20 ಮೀಟರ್ ದೂರಕ್ಕೆ 0.8 ಸೆಕೆಂಡ್ ಹಿಡಿದರೆ ಗಂಟೆಗೆ 90 ಕಿಲೋಮೀಟರ್, 0.7 ಸೆಕೆಂಡಾದರೆ ಸುಮಾರು 103. ಬೆರಳು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೆ ಹದಿಮೂರು ಕಿಲೋಮೀಟರ್ ಹೋಯಿತು. ಅಪ್ಪ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಮೊಬೈಲ್ ಹಿಡಿದ ಮಗನ ಹೆಬ್ಬೆರಳಿನಲ್ಲಿದೆ.

ಲಕ್ಷ್ಮೀಶನ ಕಥೆಯಲ್ಲಿ ಇದೇ ಸ್ಥಿತಿ ಪ್ರಾಣದ ಪ್ರಶ್ನೆಯಾಗಿ ಬರುತ್ತದೆ. ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಬಭ್ರುವಾಹನ ಅದನ್ನು ಕಟ್ಟಿಸುತ್ತಾನೆ. ಅದರ ಹಿಂದೆ ಬರುತ್ತಿರುವವನು ತನ್ನ ತಂದೆ ಅರ್ಜುನ ಎಂದು ತಾಯಿ ಚಿತ್ರಾಂಗದೆಯಿಂದ ತಿಳಿದಾಗ ಕುದುರೆಯನ್ನೂ ಕಾಣಿಕೆಯನ್ನೂ ತಂದು ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದೆಯುತ್ತಾನೆ. ಅವನ ಹುಟ್ಟನ್ನೇ ಹೀಗಳೆಯುತ್ತಾನೆ. ನನ್ನ ಮಗ ಎಂದರೆ ಅಭಿಮನ್ಯು, ನೀನಲ್ಲ ಎನ್ನುತ್ತಾನೆ. ಆಮೇಲೆ ಯುದ್ಧ, ಆಮೇಲೆ ಮಗನ ಬಾಣಕ್ಕೆ ತಂದೆಯ ತಲೆ.

ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲೂ ಈ ಪ್ರಸಂಗವಿದೆ. ಅಲ್ಲಿಯೂ ಅರ್ಜುನ ಮಗನನ್ನು ಬೈಯುತ್ತಾನೆ, ಆದರೆ ಕಾರಣ ಬೇರೆ. ಆಯುಧ ಹಿಡಿದು ಬಂದವನನ್ನು ಹೀಗೆ ಕೈಮುಗಿದು ಎದುರುಗೊಳ್ಳುವುದು ಕ್ಷತ್ರಿಯನ ರೀತಿಯಲ್ಲ ಎಂಬುದು ಅಲ್ಲಿನ ಆಕ್ಷೇಪ. ಅಂದರೆ ಆ ಅರ್ಜುನ ಮಗನನ್ನು ಮಗನೆಂದು ಒಪ್ಪಿಯೇ ಮಾತಾಡುತ್ತಿದ್ದಾನೆ. ಉಲೂಪಿಯ ಒತ್ತಾಯದಿಂದ ಹುಡುಗ ಬಿಲ್ಲೆತ್ತಿದಾಗ, ಅವನ ಬಾಣ ತನಗೆ ನಾಟಿದಾಗಲೂ, ಅರ್ಜುನ ಯುದ್ಧದ ನಡುವೆಯೇ ಅವನನ್ನು ಹೊಗಳುತ್ತಾನೆ. ಎಲ್ಲೆಲ್ಲೂ ಗೆಲುವನ್ನು ಬಯಸು, ಮಗನಿಂದ ಮಾತ್ರ ಸೋಲನ್ನು ಬಯಸು ಎಂಬ ಹಳೆಯ ಸುಭಾಷಿತದ ಅಪ್ಪ ಇವನೇ.

ಜೈಮಿನಿಯ ಪರಂಪರೆಯನ್ನು ಹಿಡಿದ ಲಕ್ಷ್ಮೀಶನಲ್ಲಿ ಈ ಒಪ್ಪಿಗೆ ಇಲ್ಲ. ಇದನ್ನು ಯುದ್ಧಕ್ಕೊಂದು ನೆವ ಬೇಕಿತ್ತು, ಅದಕ್ಕೆ ಬೈಗುಳ ಬಂತು ಎಂದು ಓದುವುದು ರೂಢಿ. ನನಗೆ ಹಾಗೆ ಕಾಣುವುದಿಲ್ಲ. ಕುರುಕ್ಷೇತ್ರ ಮುಗಿದಿದೆ, ಅರ್ಜುನನ ಹೆಸರು ದೊಡ್ಡದಾಗಿದೆ, ತೋಳಿಗೆ ವಯಸ್ಸಾಗಿದೆ. ಎದುರಿಗೆ ಬಂದ ತರುಣನಿಗೆ ಒಂದು ದೇಶವಿದೆ, ಸೈನ್ಯವಿದೆ, ಕುದುರೆಯನ್ನು ಕಟ್ಟುವ ಧೈರ್ಯವಿದೆ. ಆಗ ಅರ್ಜುನ ಅವನ ಪಕ್ಕಕ್ಕೆ ತರುವುದು ಸತ್ತ ಅಭಿಮನ್ಯುವನ್ನು. ಸತ್ತ ಮಗನ ಶೌರ್ಯ ಇನ್ನು ಕುಗ್ಗುವುದಿಲ್ಲ. ಯಾರೂ ಅಳೆಯದ ತನ್ನ ಪ್ರಾಯವನ್ನು ಮುಂದಿಡುವ ನಮ್ಮ ಹೊಲದ ಅಪ್ಪನೂ ಇದನ್ನೇ ಮಾಡುತ್ತಾನೆ. ಎದುರಿಗಿರುವವನನ್ನು ಯಾರಿಗೂ ಕಾಣದ ಒಬ್ಬನ ಜೊತೆ ಹೋಲಿಸಿದರೆ ಅವನು ಗೆಲ್ಲುವ ಬಗೆಯೇ ಇಲ್ಲ. ಬಭ್ರುವಾಹನ ಬಂದದ್ದಾದರೂ ಗೆಲ್ಲಲಿಕ್ಕಲ್ಲ, ಮಗನೇ ಎನ್ನಿಸಿಕೊಳ್ಳಲಿಕ್ಕೆ. ಅದು ಸಿಗದಿದ್ದಾಗ ಅವನಿಗೆ ಉಳಿದ ರುಜುವಾತು ತೋಳು ಒಂದೇ. ನಾನು ನಿನ್ನ ಮಗ ಎಂದು ತೋರಿಸುವುದಕ್ಕೆ ಅವನು ತಂದೆಯಷ್ಟೇ ಚೆನ್ನಾಗಿ ಬಾಣ ಬಿಡಬೇಕು. ತಂದೆಯಷ್ಟೇ ಚೆನ್ನಾಗಿ ಬಿಟ್ಟರೆ ತಂದೆ ಉಳಿಯುವುದಿಲ್ಲ.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಫ್ರೆಂಚ್ ರಾಕ್ಸ್ ಎಂದೂ ಕರೆಯುತ್ತಿದ್ದರು. ಪಕ್ಕದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯ ಜೊತೆ ಇದ್ದರೆಂಬ ನಂಬಿಕೆ ಊರಿನ ಈಗಿನ ಹೆಸರಿಗೆ ಹೊಂದಿಕೊಂಡಿದೆ. ಹೀಗಿದ್ದೂ ಈ ಸೀಮೆಯಲ್ಲಿ ಬಭ್ರುವಾಹನ ಗೊತ್ತಿರುವುದು ಲಕ್ಷ್ಮೀಶನಿಂದ ಮಾತ್ರವಲ್ಲ, ಬಹುಪಾಲು 1977ರ ಸಿನಿಮಾದಿಂದ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 'ಬಭ್ರುವಾಹನ'ದಲ್ಲಿ ತಂದೆ ಮಗ ಇಬ್ಬರೂ ರಾಜ್‌ಕುಮಾರ್. ರಣರಂಗದಲ್ಲಿ ಅವರಿಬ್ಬರ ಸವಾಲು ಜವಾಬಿನ ಹಾಡು ಇಂದಿಗೂ ಆರ್ಕೆಸ್ಟ್ರಾಗಳಲ್ಲಿ ಕೇಳಿಬರುತ್ತದೆ. ತಂದೆ ತನ್ನ ಪರಾಕ್ರಮ ಹೇಳಿಕೊಳ್ಳುತ್ತಾನೆ, ಮಗ ಅದೆಲ್ಲ ಕೃಷ್ಣನ ಬಲದಿಂದ ಆದದ್ದು ಎಂದು ಹಂಗಿಸುತ್ತಾನೆ.

ದ್ವಿಪಾತ್ರವನ್ನು ನಾವು ನಟನ ಸಾಮರ್ಥ್ಯದ ಪ್ರದರ್ಶನ ಎಂದಷ್ಟೇ ನೋಡುತ್ತ ಬಂದಿದ್ದೇವೆ. ಆದರೆ 1929ರಲ್ಲಿ ಹುಟ್ಟಿದ ರಾಜ್‌ಕುಮಾರ್ ಆಗ ಐವತ್ತರ ಹತ್ತಿರ ಬಂದಿದ್ದರು. ಆ ವಯಸ್ಸಿನ ಮನುಷ್ಯ ಒಂದು ರಥದಲ್ಲಿ ಅಪ್ಪನಾಗಿ, ಇನ್ನೊಂದರಲ್ಲಿ ಪ್ರಾಯದ ಮಗನಾಗಿ ನಿಂತಾಗ ತೆರೆಯ ಮೇಲೆ ನಡೆಯುವುದು ತನ್ನ ಯೌವನದ ಜೊತೆಗಿನ ಜಗಳವೂ ಹೌದು. ದನಿಯ ಹಂಚಿಕೆಯಂತೂ ಇನ್ನೂ ಕುತೂಹಲದ್ದು. ಟಿ.ಜಿ. ಲಿಂಗಪ್ಪ ಸಂಗೀತದ ಆ ಹಾಡಿನಲ್ಲಿ ಅರ್ಜುನನಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ, ಬಭ್ರುವಾಹನನಿಗೆ ಸ್ವತಃ ರಾಜ್‌ಕುಮಾರ್. ಅದಕ್ಕೆ ಹಿಂದೆ ವರ್ಷಗಟ್ಟಲೆ ರಾಜ್‌ಕುಮಾರ್ ಅವರ ಹಾಡಿನ ದನಿ ಎಂದರೆ ಪಿ.ಬಿ. ಶ್ರೀನಿವಾಸ್. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಹಾಗಾಗಿ ಅಲ್ಲಿ ಒಬ್ಬ ನಟನ ಹಳೆಯ ದನಿ ಅಪ್ಪನಾಗಿದೆ, ಹೊಸ ದನಿ ಮಗನಾಗಿದೆ. ಇದು ಉದ್ದೇಶಪೂರ್ವಕವೋ ಅಲ್ಲವೋ ಎಂಬುದು ವಿಮರ್ಶೆಗೆ ಮುಖ್ಯವಲ್ಲ. ಮಗನ ಕೈಯಲ್ಲಿ ಅಪ್ಪ ಕಾಣುವುದು ತನ್ನದೇ ಹಳೆಯ ಕೈಯನ್ನು ಎಂಬ ಅರ್ಥವನ್ನು ಈ ಹಂಚಿಕೆ ಕೇಳುವವರ ಕಿವಿಗೆ ಮುಟ್ಟಿಸುತ್ತದೆ. ಅದಕ್ಕೇ ಅಪ್ಪನಿಗೆ ಹೆಮ್ಮೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಬರುತ್ತವೆ.

ಎ.ಕೆ. ರಾಮಾನುಜನ್ 'ದಿ ಇಂಡಿಯನ್ ಈಡಿಪಸ್' ಪ್ರಬಂಧದಲ್ಲಿ ಭಾರತದ ಕಥೆಗಳ ಒಂದು ವಿನ್ಯಾಸ ಗುರುತಿಸುತ್ತಾರೆ. ಗ್ರೀಕರಲ್ಲಿ ಮಗ ತಂದೆಯನ್ನು ಕೊಲ್ಲುತ್ತಾನೆ, ನಮ್ಮಲ್ಲಿ ಹೆಚ್ಚಾಗಿ ಹಿಂಸೆ ತಂದೆಯಿಂದ ಮಗನ ಕಡೆಗೆ ಹರಿಯುತ್ತದೆ. ಗಿರೀಶ ಕಾರ್ನಾಡರ 'ಯಯಾತಿ' (1961) ಅದರ ಕನ್ನಡದ ಪ್ರಬಲ ನಿದರ್ಶನ. ಅಲ್ಲಿ ತಂದೆ ಮಗನ ಯೌವನವನ್ನೇ ತೆಗೆದುಕೊಳ್ಳುತ್ತಾನೆ, ಪೂರು ಕೊಟ್ಟುಬಿಡುತ್ತಾನೆ. ಹೋಲಿಕೆಯ ಕಷ್ಟವೇ ಅಲ್ಲಿಲ್ಲ, ಏಕೆಂದರೆ ಹೋಲಿಸಲು ಎರಡು ತೋಳು ಉಳಿಯುವುದಿಲ್ಲ. ಬಭ್ರುವಾಹನ ಈ ವಿನ್ಯಾಸಕ್ಕೆ ಪೂರ್ತಿ ಸೇರುವವನಲ್ಲ. ಇಲ್ಲಿ ತಂದೆಯೇ ಬೀಳುತ್ತಾನೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೊಂದ ಮಗನೇ ಪಾತಾಳಕ್ಕೆ ಹೋಗಿ, ನಾಗರ ಜೊತೆ ಕಾದಾಡಿ, ಸಂಜೀವಕ ಮಣಿ ತರಬೇಕು. ಗೆದ್ದ ಮೇಲೆ ಅವನಿಗೆ ಇನ್ನೂ ದೊಡ್ಡ ಕೆಲಸ ಬಾಕಿ ಇರುತ್ತದೆ. ಸೋಲಿಸಿದ ಅಪ್ಪನನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದನ್ನೂ ಲಕ್ಷ್ಮೀಶ ಮಗನ ಪರಾಕ್ರಮದ ಭಾಗವಾಗಿಯೇ ಚಿತ್ರಿಸಿದ್ದಾನೆ.

ಈ ತೂಗಾಟದಲ್ಲಿ ಲೆಕ್ಕಕ್ಕೆ ಬಾರದವಳು ಚಿತ್ರಾಂಗದೆ. ವ್ಯಾಸಭಾರತದ ಆದಿಪರ್ವದ ಪ್ರಕಾರ ಅವಳಿಗೆ ಹುಟ್ಟುವ ಮಗು ತನ್ನ ವಂಶಕ್ಕೇ ಸೇರಬೇಕೆಂಬ ಷರತ್ತಿನ ಮೇಲೆ ಅವಳ ತಂದೆ ಮದುವೆ ಮಾಡಿಕೊಟ್ಟದ್ದು. ಅರ್ಜುನ ಮೂರು ವರ್ಷ ಮಣಿಪುರದಲ್ಲಿದ್ದು ಹೊರಟುಹೋದ. ಹಾಗಾದರೆ ಹುಡುಗ ಬಿಲ್ಲು ಹಿಡಿಯಲು ಕಲಿತದ್ದು ತಾಯಿಯ ಮನೆಯಲ್ಲಿ. ಅವನ ಎಸುಗೆ ತಂದೆಯದಕ್ಕೆ ಸಮವೋ ಅಲ್ಲವೋ ಎಂದು ಎರಡು ಸೈನ್ಯ ನಿಂತು ನೋಡಿದವು. ಅದನ್ನು ಬೆಳೆಸಿದ ಮನೆಯ ಬಗ್ಗೆ ಯಾರೂ ಕೇಳಲಿಲ್ಲ. ಟ್ಯಾಗೋರರು 1892ರ ತಮ್ಮ ನಾಟಕಕ್ಕೆ ಚಿತ್ರಾಂಗದೆಯ ಹೆಸರನ್ನೇ ಇಟ್ಟು ಅವಳನ್ನು ಬಿಲ್ಲು ಹಿಡಿದ ವೀರಳನ್ನಾಗಿ ಕಂಡರು. ನಮ್ಮ ಬಯಲಿನಲ್ಲಿ ಆ ಚಿತ್ರಾಂಗದೆ ಇನ್ನೂ ಬಂದಿಲ್ಲ. ಕೆ.ಆರ್. ಪೇಟೆ ಕಡೆಯ ಒಂದು ಗದ್ದೆಯಲ್ಲಿ ಅಪ್ಪ ಮಗ ಇಬ್ಬರ ವೇಗವನ್ನೂ ಅಳೆದಾದ ಮೇಲೆ, ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ತಾಯಿ, "ಕವಣೆ ಬೀಸಿ ಗಿಳಿ ಓಡುಸ್ತಿದ್ದೋಳು ಕಣ್ಲಾ ನಾನು" ಎಂದರು. ಎಲ್ಲರೂ ನಕ್ಕರು. ಮೊಬೈಲ್ ಮಾತ್ರ ಆ ಕಡೆ ತಿರುಗಲಿಲ್ಲ.

ತೂಗುವವನು ಹೊರಗಿನವನಾದರೆ ಇನ್ನೊಂದು ಅನ್ಯಾಯ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಒಂದೇ ಸೂರಿನಡಿ ಮಲಗಿದ್ದಾರೆ. ಟಿಪ್ಪು ಅದನ್ನು ಕಟ್ಟಿಸಿದ್ದು 1782ರಲ್ಲಿ ತೀರಿಕೊಂಡ ತಂದೆಗಾಗಿ, 1799ರಲ್ಲಿ ತಾನೂ ಅಲ್ಲಿಗೇ ಬಂದ. ತಂದೆ ಗಳಿಸಿದ, ಮಗ ಕಳೆದ ಎಂದು ಬ್ರಿಟಿಷ್ ಇತಿಹಾಸಕಾರರು ಇಬ್ಬರನ್ನೂ ತೂಗಿದರು. ಕಳೆಯುವಂತೆ ಮಾಡಿದ ಕಡೆಯವರೇ ತಕ್ಕಡಿಯನ್ನೂ ಹಿಡಿದಿದ್ದರು.

ಲಕ್ಷ್ಮೀಶನ ಕಾವ್ಯದಲ್ಲಿ ಈ ಕಥೆಯನ್ನು ಕೇಳುತ್ತಿರುವವನು ಜನಮೇಜಯ. ಅಭಿಮನ್ಯುವಿನ ಮೊಮ್ಮಗ, ಅರ್ಜುನನ ಮರಿಮಗ. ತನ್ನ ಮುತ್ತಜ್ಜ ಒಬ್ಬ ಮಗನ ಕೈಯಲ್ಲಿ ಸೋತು ಬಿದ್ದ ಕಥೆಯನ್ನು ಅವನು ಮುಜುಗರದಿಂದ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಹಿಂದೆ ರಾಮನಿಗೂ ಅವನ ಮಕ್ಕಳಿಗೂ ಹೀಗೆಯೇ ಯುದ್ಧವಾಗಿತ್ತು ಎಂದು ಜೈಮಿನಿ ಹೇಳಿದಾಗ, ಅದನ್ನೂ ಹೇಳಿ ಎಂದು ಕೇಳುತ್ತಾನೆ. ಹಾಗಾಗಿಯೇ ಬಭ್ರುವಾಹನನ ಕಥೆಯ ನಡುವೆ ಕುಶಲವರ ಕಥೆ ಬಿಚ್ಚಿಕೊಳ್ಳುತ್ತದೆ. ಮುತ್ತಜ್ಜನ ಹಿರಿಮೆ ಅವನು ಗೆದ್ದ ಯುದ್ಧಗಳಲ್ಲಿ ಮಾತ್ರ ಇದೆಯೆಂದು ಜನಮೇಜಯ ಭಾವಿಸಿದ್ದರೆ ಈ ಪ್ರಸಂಗ ನಮ್ಮವರೆಗೆ ಬರುತ್ತಿರಲಿಲ್ಲ.